ಓರೆಯಾಗಿ ಹಿಡಿದರೆ ಚೌಕ ಚೌಕವೇ ಅಲ್ಲ ಅನ್ನುವ ಮಕ್ಕಳು: ಕೈಯಾರೆ ಮಾಡಿ ಕಲಿಯುವ ರೇಖಾಗಣಿತದಲ್ಲಿ ಯಾವುದು ನಡೆಯುತ್ತದೆ, ಯಾವುದು ಕೈಕೊಡುತ್ತದೆ?

ಓರೆಗೆರೆ:
ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಆಕೃತಿ ಕಲಿಸುವವರಿಗೆಲ್ಲ ಎದುರಾಗುವ ತೊಡಕು ಇದು. ಗೋಡೆಪಟದ ಚೌಕ ತೋರಿಸಿದರೆ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಚೌಕ" ಅನ್ನುತ್ತಾರೆ. ಅದೇ ಕಾಗದವನ್ನು ಅವರ ಕಣ್ಣೆದುರೇ ತಿರುಗಿಸಿ ಒಂದು ಮೂಲೆ ಕೆಳಗೆ ಬರುವಂತೆ ಹಿಡಿದರೆ "ಈಗ ವಜ್ರ ಆಯ್ತು". ತೆಳ್ಳಗೆ ಉದ್ದಕ್ಕಿರುವ ತ್ರಿಭುಜ ಕೊಟ್ಟರೆ "ಇದು ತ್ರಿಭುಜ ಅಲ್ಲ, ಮುಳ್ಳು". ಚಟುವಟಿಕೆ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ, ಸರಿ. ಬಣ್ಣದ ಕಾಗದ ಕತ್ತರಿಸಿ ಮನೆ, ರೈಲು, ರಾಕೆಟ್ ಅಂಟಿಸಿದ ಮೇಲೂ ಉತ್ತರ ಮಾತ್ರ ಅದೇ.

ಯಾವ ಚಟುವಟಿಕೆಯಿಂದ ಈ ಉತ್ತರ ಬದಲಾಗುತ್ತದೆ? 25 ಮಕ್ಕಳು, 40 ನಿಮಿಷದ ಅವಧಿ ಎಂದಿಟ್ಟುಕೊಳ್ಳಿ. ಕಾಗದ, ಕಡ್ಡಿ, ದಾರ, ರಬ್ಬರ್ ಬ್ಯಾಂಡ್, ಖಾಲಿ ಡಬ್ಬಿಗಳಷ್ಟೇ ಸಾಮಗ್ರಿ. "ಮಕ್ಕಳು ಖುಷಿಪಡುತ್ತಾರೆ" ಎಂಬ ಉತ್ತರ ಬೇಡ, ಅಳತೆ ಸಮೇತ ಹೇಳಿ. ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಸೇರಿಸಿ.

ಮಡಿಕೆಮೂಲೆ:
ಮಕ್ಕಳು ತಪ್ಪು ಹೇಳುತ್ತಿಲ್ಲ, ಅವರು ಆಕೃತಿಯನ್ನು ಇಡಿಯಾಗಿ ನೋಡುತ್ತಿದ್ದಾರೆ. ಪರಿಚಯದವರ ಮುಖ ಗುರುತು ಹಿಡಿದಂತೆ. ಮುಖ ತಲೆಕೆಳಗಾದರೆ ನಮಗೂ ಗುರುತು ಸಿಗುವುದು ಕಷ್ಟವೇ. ನೆದರ್‌ಲೆಂಡ್ಸ್‌ನ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ ದಂಪತಿ 1957ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧಗಳಲ್ಲಿ ಹೇಳಿದ್ದು ಇದನ್ನೇ. ಮೊದಲು ಮಗು ಒಟ್ಟಾರೆ ನೋಟದಿಂದ ಗುರುತಿಸುತ್ತದೆ. ಆಮೇಲೆ ಬಾಹು, ಮೂಲೆ ಎಂದು ಗುಣಗಳನ್ನು ಬಿಡಿಸಿ ನೋಡುತ್ತದೆ. ಅದಾದ ಮೇಲೆ ಆ ಗುಣಗಳ ನಡುವಿನ ಸಂಬಂಧ. ವಯಸ್ಸಾದಂತೆ ತಾನಾಗಿ ಮೇಲಿನ ಹಂತಕ್ಕೆ ಏರುವುದಿಲ್ಲ, ಮಾಡಿದ ಕೆಲಸ ಏರಿಸುತ್ತದೆ ಎಂಬುದು ಅವರ ವಾದದ ತಿರುಳು.

ಹಾಗಾಗಿ ಮೊದಲು "ಮೇಲೆ", "ಕೆಳಗೆ" ಅನ್ನುವುದನ್ನೇ ಕಿತ್ತುಹಾಕಿ. ಎಂಟು ಮೀಟರ್ ಹಗ್ಗ ತೆಗೆದುಕೊಂಡು ಪ್ರತಿ ಎರಡು ಮೀಟರಿಗೆ ಬಣ್ಣದ ಟೇಪ್ ಸುತ್ತಿ, ತುದಿ ಗಂಟು ಹಾಕಿ ನೆಲದ ಮೇಲೆ ಚೌಕ ಮಾಡಿ. ಮಕ್ಕಳು ಸುತ್ತ ಕೂರಲಿ. ಬಾಹುವಿನ ಎದುರು ಕೂತವರಿಗೆ ಅದು ಚೌಕ, ಮೂಲೆಯ ಎದುರು ಕೂತವರಿಗೆ ವಜ್ರ. ಜಗಳ ತಾನಾಗಿ ಹುಟ್ಟುತ್ತದೆ. ಈಗ ಎಲ್ಲರೂ ಎದ್ದು ಮೂರು ಜಾಗ ಆಚೆ ಕೂರಲಿ. ಹಗ್ಗವನ್ನು ಯಾರೂ ಮುಟ್ಟಿಲ್ಲ, ಆದರೂ ಹೆಸರು ಬದಲಾಗಿದೆ! ಆ ಹೊತ್ತಿನಲ್ಲಿ ನೀವು ಬಾಯಿ ಹಾಕದಿದ್ದರೆ ಸಾಕು.

ಹಿಗ್ಗುವ ನೈಲಾನ್ ಹಗ್ಗ ಬೇಡ. ಎಳೆದಾಗ ಒಂದು ಬಾಹು ಉದ್ದವಾಗಿ ಬಿಡುತ್ತದೆ, ಚರ್ಚೆ ಬೇರೆಲ್ಲಿಗೋ ಹೋಗುತ್ತದೆ.

ಇನ್ನು ಆಕೃತಿ ಕಾರ್ಡುಗಳನ್ನು ಆಯತದ ರಟ್ಟಿನಲ್ಲಿ ಮಾಡಬೇಡಿ, ದುಂಡು ರಟ್ಟಿನಲ್ಲಿ ಮಾಡಿ. ಸುಮಾರು 10 ಸೆಂ.ಮೀ. ವ್ಯಾಸ ಸಾಕು. ಆಯತದ ಕಾರ್ಡಿಗೆ ಯಾವುದು ಮೇಲ್ಭಾಗ ಎಂದು ಅದರ ಅಂಚೇ ಹೇಳಿಕೊಡುತ್ತದೆ, ದುಂಡು ಕಾರ್ಡು ಹೇಳುವುದಿಲ್ಲ. ಒಂದು ಕಟ್ಟಿಗೆ 18 ಕಾರ್ಡು. ಅದರಲ್ಲಿ ಆರಾದರೂ "ಅಲ್ಲದವು" ಇರಲಿ: ಒಂದು ಕಡೆ ತೆರೆದ ತ್ರಿಭುಜ, ಒಂದು ಬಾಹು ಬಾಗಿದ್ದು, ಮೂಲೆ ಉರುಟಾದದ್ದು, ನಾಲ್ಕನೇ ಬಾಹು ಬಹಳ ಚಿಕ್ಕದಿರುವುದು. ಯಾವುದು ತ್ರಿಭುಜ ಅಲ್ಲ ಎಂದು ವಾದಿಸುವಾಗಲೇ ಮಗುವಿನ ಬೆರಳು ಬಾಹುಗಳನ್ನು ಎಣಿಸತೊಡಗುತ್ತದೆ.

ಕಡ್ಡಿಗಂಟು:
ಅಂಟಿಸುವ ಕೆಲಸ ಯಾಕೆ ಏನೂ ಕಲಿಸುವುದಿಲ್ಲ ಅಂದರೆ, ಅಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ. ಕತ್ತರಿಸಿಟ್ಟ ತ್ರಿಭುಜ ಮೊದಲೇ ತ್ರಿಭುಜ. ಮಗು ಮಾಡಬೇಕಾದ ತೀರ್ಮಾನ ಬಣ್ಣದ್ದು ಮಾತ್ರ. ಆಕೃತಿ ಕೈಯಲ್ಲೇ ಕುಸಿಯಬೇಕು, ಮುಚ್ಚದೆ ಉಳಿಯಬೇಕು, ಆಗ ಮಗು ಯಾಕೆ ಅಂತ ಕೇಳುತ್ತದೆ. ಅದಕ್ಕೆ ಸ್ಟ್ರಾ ಮತ್ತು ದಾರಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಇಬ್ಬರಿಗೆ ಒಂದು ಕಟ್ಟು: 10 ಸೆಂ.ಮೀ. ಸ್ಟ್ರಾ ತುಂಡು ಏಳು, 14 ಸೆಂ.ಮೀ. ತುಂಡು ಒಂದು, 60 ಸೆಂ.ಮೀ. ದಾರ ಎರಡು, 35 ಸೆಂ.ಮೀ. ದಾರ ಒಂದು. ಮೂರು ತುಂಡು ಪೋಣಿಸಿ ದಾರದ ಎರಡೂ ತುದಿ ಬಿಗಿಯಾಗಿ ಎಳೆದು ಗಂಟು ಹಾಕಿದರೆ ತ್ರಿಭುಜ. ಉಳಿದ ನಾಲ್ಕು ಪೋಣಿಸಿದರೆ ಚೌಕ... ಆಗಬೇಕು. ಆಗುವುದಿಲ್ಲ. ಎತ್ತಿ ಹಿಡಿದ ತಕ್ಷಣ ವಾಲುತ್ತದೆ, ಚಪ್ಪಟೆಯಾಗುತ್ತದೆ. ತ್ರಿಭುಜವನ್ನು ಎಷ್ಟು ಅಲುಗಾಡಿಸಿದರೂ ಅಲ್ಲಾಡುವುದಿಲ್ಲ. ನಾಲ್ಕೂ ಬಾಹು ಸಮ ಇದ್ದರೂ ಚೌಕ ಅಲ್ಲ ಎಂಬುದು ಈಗ ಕಣ್ಣೆದುರಿದೆ. ಚೌಕಕ್ಕೆ ಮೂಲೆಯ ಮಾತೂ ಸೇರಬೇಕು.

"ಇದು ವಾಲದಂತೆ ಮಾಡಿ" ಎಂದು ಹೇಳಿ 14 ಸೆಂ.ಮೀ. ತುಂಡನ್ನು ಕೈಗೆ ಕೊಟ್ಟು ಸುಮ್ಮನಿರಿ. ಹೆಚ್ಚಿನ ಮಕ್ಕಳು ಮೊದಲು ಅದನ್ನು ಒಂದು ಬಾಹುವಿನ ಪಕ್ಕಕ್ಕೇ ಕಟ್ಟುತ್ತಾರೆ, ಗಟ್ಟಿಯಾಗಲಿ ಅಂತ. ಆಮೇಲೆ ಒಬ್ಬರಾದರೂ ಕರ್ಣಕ್ಕೆ ಕಟ್ಟುತ್ತಾರೆ. ಪಂಚಭುಜಕ್ಕೆ ಎರಡು ಕರ್ಣ ಬೇಕು, ಷಡ್ಭುಜಕ್ಕೆ ಮೂರು. ಈ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಡಬೇಡಿ.

ಓರೆಗೆರೆ:
ಇದನ್ನು ಮಾಡಿಸುವಾಗ ಕರ್ಣ ಕಟ್ಟಿದ ಮೇಲೂ ಆಕೃತಿ ಸೊಟ್ಟಗೆ ನಿಲ್ಲುವುದುಂಟು. ಮೂಲೆ ಸಡಿಲ ಬಿಡುವುದೂ ಉಂಟು. ಎರಡಕ್ಕೂ ಕಾರಣ ಒಂದೇ?

ಕಡ್ಡಿಗಂಟು:
ಬೇರೆ ಬೇರೆ. ಸೊಟ್ಟ ನಿಂತರೆ ಕರ್ಣದ ಅಳತೆ ತಪ್ಪಿದೆ. 10 ಸೆಂ.ಮೀ. ಚೌಕದ ಕರ್ಣ 14.1 ಸೆಂ.ಮೀ. 13 ಸೆಂ.ಮೀ. ಕತ್ತರಿಸಿದ್ದರೆ ಕರ್ಣದ ಎದುರಿನ ಕೋನ 90° ಬದಲು 81° ಆಸುಪಾಸಿಗೆ ಬರುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಹಾಗೆಂದು ಅದನ್ನು ಎಸೆಯಬೇಡಿ, ಅದೇ ವಜ್ರಾಕೃತಿ! ಬೇಕೆಂದೇ ಎರಡು ಜೋಡಿಗೆ 13ರ ತುಂಡು ಕೊಟ್ಟು ಚೌಕದ ಪಕ್ಕ ಇಟ್ಟು ನೋಡಿಸಬಹುದು. "ವಜ್ರ" ಅನ್ನುವ ಹೆಸರು ನಿಜವಾಗಿ ಯಾರದು ಎಂಬುದೂ ಅಲ್ಲೇ ಇತ್ಯರ್ಥ.

ಮೂಲೆ ಸಡಿಲವಾದರೆ ದಾರದ ದೋಷ. ನುಣುಪು ನೈಲಾನ್ ದಾರದ ಗಂಟು ಜಾರುತ್ತದೆ, ಹತ್ತಿಯ ದಾರ ತೆಗೆದುಕೊಳ್ಳಿ. ಸ್ಟ್ರಾದೊಳಗೆ ದಾರ ಹೋಗದಿದ್ದರೆ ತುದಿಗೆ ಟೇಪ್ ಸುತ್ತಿ ಸೂಜಿಯಂತೆ ಗಟ್ಟಿ ಮಾಡಿ. ಕಾಗದದ ಸ್ಟ್ರಾ ಆದೀತು, ಆದರೆ ಮೊಂಡು ಕತ್ತರಿಯಲ್ಲಿ ಕತ್ತರಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಪೆನ್ಸಿಲ್ ತುದಿಯಿಂದ ಮತ್ತೆ ದುಂಡಗೆ ತೆರೆಯಿರಿ.

ಒಂಬತ್ತು ವರ್ಷದವರಿಗೆ ಘನವನ್ನೂ ಕೊಡಬಹುದು. 12 ತುಂಡಿನ ಘನ ನಿಲ್ಲುವುದೇ ಇಲ್ಲ, ಪ್ರತಿ ಮುಖಕ್ಕೂ ಒಂದರಂತೆ ಆರು ಕರ್ಣ ಕಟ್ಟಿದ ಮೇಲೆ ನೆಟ್ಟಗೆ ನಿಲ್ಲುತ್ತದೆ. ನಾಲ್ಕೂ ಮುಖ ತ್ರಿಭುಜವೇ ಆಗಿರುವ, ಆರೇ ತುಂಡಿನ ಚತುರ್ಮುಖಿ ಮೊದಲ ಸಲಕ್ಕೇ ನಿಲ್ಲುತ್ತದೆ.

ಆರುಮುಖ:
ಎಲ್ಲರೂ ಚಪ್ಪಟೆ ಆಕೃತಿಯಿಂದಲೇ ಶುರು ಮಾಡುತ್ತಿದ್ದೀರಿ, ನನ್ನ ತಕರಾರು ಅಲ್ಲೇ. ಕೈಗೆ ಸಿಗುವುದೆಲ್ಲ ಘನಾಕೃತಿ. ಕಾಗದಕ್ಕೂ ದಪ್ಪ ಇದೆ. ಫ್ರೆಡ್ರಿಕ್ ಫ್ರೋಬೆಲ್ ತನ್ನ ಶಿಶುವಿಹಾರಕ್ಕೆ ರೂಪಿಸಿದ "ಉಡುಗೊರೆ"ಗಳ ಸಾಲನ್ನು ನೋಡಿ: ಮೊದಲು ನೂಲಿನ ಚೆಂಡುಗಳು, ಆಮೇಲೆ ಮರದ ಗೋಳ, ಸಿಲಿಂಡರ್, ಘನ, ನಂತರ ಎಂಟು ತುಂಡಾಗುವ ಘನ. ಚಪ್ಪಟೆ ಬಿಲ್ಲೆಗಳು ಬರುವುದು ಏಳನೆಯದಾಗಿ. ಕಡ್ಡಿ, ಚುಕ್ಕಿ ಇನ್ನೂ ಆಮೇಲೆ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಆಡುಮಾತಿನಲ್ಲಿ ಚೆಂಡೂ ದುಂಡು, ಬಳೆಯೂ ದುಂಡು, ತಟ್ಟೆಯೂ ದುಂಡು. ದಾಳವೂ ಚೌಕ, ಕರವಸ್ತ್ರವೂ ಚೌಕ. ಗೋಳ, ವೃತ್ತ, ಘನ ಎಂಬ ಹೆಸರುಗಳು ಪುಸ್ತಕದಿಂದ ಬರುವವು. ಅವುಗಳ ನಡುವಿನ ಭೇದ ಕೈಗೆ ಸಿಕ್ಕಿರದಿದ್ದರೆ ಮಕ್ಕಳು ಹೆಸರನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ ಅಷ್ಟೆ.

ಅದಕ್ಕೆ ಹೆಜ್ಜೆಗುರುತಿನ ಆಟ. ತಟ್ಟೆಯಲ್ಲಿ 2 ಸೆಂ.ಮೀ. ದಪ್ಪಕ್ಕೆ ಒದ್ದೆ ಮರಳು ಹರಡಿ, ಮೇಲ್ಮೈ ಸಮ ಮಾಡಿ. ಘನವನ್ನು ಒತ್ತಿ ತೆಗೆದರೆ ಚೌಕ ಉಳಿಯುತ್ತದೆ. ಡಬ್ಬಿಯನ್ನು ನಿಲ್ಲಿಸಿ ಒತ್ತಿದರೆ ವೃತ್ತ, ಮಲಗಿಸಿ ಉರುಳಿಸಿದರೆ ಪಟ್ಟಿ. ಶಂಕುವನ್ನು ಉರುಳಿಸಿದರೆ ತನ್ನ ತುದಿಯ ಸುತ್ತಲೇ ತಿರುಗುತ್ತದೆ, ಮುಂದಕ್ಕೆ ಹೋಗುವುದೇ ಇಲ್ಲ. ಮರಳು ಒಣಗಿದ್ದರೆ ಅಂಚು ಕುಸಿಯುತ್ತದೆ, ನೀರು ಜಾಸ್ತಿಯಾದರೆ ವಸ್ತುವಿಗೆ ಅಂಟಿ ಮೇಲೇಳುತ್ತದೆ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು.

ಇನ್ನೊಂದು, ಚೀಲದೊಳಗೆ ಕೈ ಹಾಕಿ ಮುಟ್ಟಿ ಹೇಳುವ ಆಟ. ಇದನ್ನು ಎಲ್ಲರೂ ಬಲ್ಲರು, ಆದರೆ ಹೆಚ್ಚಿನವರು ತೆಳು ರಟ್ಟಿನ ತುಂಡು ಹಾಕಿ ಕೆಡಿಸುತ್ತಾರೆ. 1 ಮಿ.ಮೀ. ರಟ್ಟಿನ ಅಂಚು ಬೆರಳಿಗೆ ಸಿಗುವುದಿಲ್ಲ. ಐದು ಪದರ ಅಂಟಿಸಿ 5 ಮಿ.ಮೀ. ಆದರೂ ಮಾಡಿ. ಒಂದು ಚೀಲಕ್ಕೆ ಐದು ತುಂಡಿಗಿಂತ ಹೆಚ್ಚು ಬೇಡ. ನಿಯಮ ಒಂದೇ, ಹೆಸರು ಹೇಳುವಂತಿಲ್ಲ. "ಮೂರು ಕಡೆ ಚುಚ್ಚುತ್ತೆ, ಒಂದು ಕಡೆ ತುಂಬ ಚೂಪು, ಒಂದು ಬದಿ ಉದ್ದ" ಎಂದೇ ವಿವರಿಸಬೇಕು. ಚೀಲದ ಬಟ್ಟೆಯ ಮೇಲಿಂದ ಕೈಯ ಚಲನೆ ನೋಡುತ್ತಿರಿ. ಒಂದು ಮಗು ತುಂಡನ್ನು ಅಂಗೈಯಲ್ಲಿ ಹಿಡಿದು ಅದುಮಿ ಊಹಿಸುತ್ತದೆ. ಇನ್ನೊಂದು ಮಗು ಹೆಬ್ಬೆರಳನ್ನು ಒಂದು ಮೂಲೆಗೆ ಊರಿ, ತೋರುಬೆರಳನ್ನು ಅಂಚಿನ ಮೇಲೆ ಓಡಿಸಿ, ಮತ್ತೆ ಹೆಬ್ಬೆರಳು ಸಿಗುವ ತನಕ ಸುತ್ತುತ್ತದೆ. ಎರಡನೆಯ ಮಗು ಗುಣಗಳನ್ನು ನೋಡಲು ಶುರುಮಾಡಿದೆ. ಪರೀಕ್ಷೆ ಬರೆಸದೆಯೇ ಗೊತ್ತಾಗುವ ಸಂಗತಿ ಇದು.

ಮೊಳೆಹಲಗೆ:
ಹೆಸರೇ ಹೇಳುವಂತೆ ನನ್ನ ಪಕ್ಷಪಾತ ಮೊಳೆಹಲಗೆಗೆ. ಗಣಿತ ಶಿಕ್ಷಣದಲ್ಲಿ ಕೆಲಸ ಮಾಡಿದ ಕಾಲೆಬ್ ಗಟ್ಟೆನ್ಯೊ 1950ರ ದಶಕದಲ್ಲಿ ಬಳಕೆಗೆ ತಂದ ಸಾಧನ ಇದು. ಚೌಕದ ಹಲಗೆ, ಸಾಲಿಗೆ ಐದರಂತೆ 25 ಮೊಳೆ, ರಬ್ಬರ್ ಬ್ಯಾಂಡ್. ಆಕೃತಿಯನ್ನು ಎಳೆದು ಬದಲಿಸಬಹುದು, ಅಳಿಸುವ ಕೆಲಸ ಇಲ್ಲ. ಹಾಗಾಗಿ ತಪ್ಪಿಗೆ ಹೆದರುವ ಮಗುವೂ ಕೈ ಹಾಕುತ್ತದೆ.

ಮಾಡುವ ಬಗೆ: 16 ಸೆಂ.ಮೀ. ಚೌಕದ, 18 ಮಿ.ಮೀ. ದಪ್ಪದ ಪ್ಲೈವುಡ್. ನಾಲ್ಕೂ ಕಡೆ 2 ಸೆಂ.ಮೀ. ಬಿಟ್ಟು ಮೊಳೆಯಿಂದ ಮೊಳೆಗೆ 3 ಸೆಂ.ಮೀ. ಅಂತರ. ಚಿಕ್ಕ ತಲೆಯ 25 ಮಿ.ಮೀ. ಮೊಳೆ, ಅರ್ಧ ಒಳಗೆ, ಅರ್ಧ ಹೊರಗೆ. ಒಂದೇ ಎತ್ತರ ಬರಲು 12 ಮಿ.ಮೀ. ದಪ್ಪದ ರೀಪನ್ನು ಪಕ್ಕದಲ್ಲಿಟ್ಟು ಅದರ ಮಟ್ಟಕ್ಕೆ ಬಡಿಯಿರಿ. ಸಾದಾ ಮರದ ಹಲಗೆಯಾದರೆ ಎಳೆಯ ಸಾಲಿನಲ್ಲೇ ಐದು ಮೊಳೆ ಬಿದ್ದು ಸೀಳುತ್ತದೆ, ಮೊದಲು ಸಣ್ಣ ತೂತು ಕೊರೆಯಬೇಕು.

ಅಂತರ 4 ಸೆಂ.ಮೀ. ಯಾಕಲ್ಲ? ಆಗ ಹೊರಸುತ್ತಿನ ಚೌಕದ ಸುತ್ತಳತೆ 64 ಸೆಂ.ಮೀ. ಸುತ್ತು 16 ಸೆಂ.ಮೀ. ಇರುವ ಸಾಮಾನ್ಯ ಬ್ಯಾಂಡು ನಾಲ್ಕು ಪಟ್ಟು ಹಿಗ್ಗಬೇಕು, ಹಳೆಯದಾದರೆ ಪಟ್ಟನೆ ಹರಿದು ಮುಖಕ್ಕೆ ಹೊಡೆಯುತ್ತದೆ. 3 ಸೆಂ.ಮೀ. ಆದರೆ 48, ಮೂರೇ ಪಟ್ಟು. ಆದರೂ ಎಳೆಯುವಾಗ ಒಂದು ಬೆರಳು ಮೊದಲ ಮೊಳೆಯ ಮೇಲೇ ಇರಬೇಕು ಎಂಬ ನಿಯಮ ಬಿಡಬೇಡಿ.

ಎರಡು ತಪ್ಪು ಖಂಡಿತ ಬರುತ್ತವೆ. ಒಂದು, ಬಾಹುವಿನ ಉದ್ದ ಕೇಳಿದರೆ ಮೊಳೆ ಎಣಿಸುವುದು. ನಾಲ್ಕು ಮೊಳೆಯ ನಡುವೆ ಇರುವುದು ಮೂರು ಅಂತರ. ಇರುವೆಯೊಂದು ಒಂದು ಮೊಳೆಯಿಂದ ಇನ್ನೊಂದಕ್ಕೆ ಎಷ್ಟು ಸಲ ಜಿಗಿಯಬೇಕು ಎಂದು ಕೇಳಿದರೆ ಸರಿಹೋಗುತ್ತದೆ. ಎರಡು, ಓರೆ ಜಿಗಿತವನ್ನೂ ಒಂದೇ ಎಂದು ಎಣಿಸುವುದು. ನೇರ ಅಂತರ 3, ಓರೆ ಅಂತರ 4.2 ಸೆಂ.ಮೀ. ಬಾಯಿಮಾತಿಗಿಂತ ಕಾಗದದ ಪಟ್ಟಿ ಇಟ್ಟು ಗುರುತು ಹಾಕಿಸಿ ತಾಳೆ ನೋಡಿಸಿ.

ಓರೆಗೆರೆಯವರ ಮೂಲ ಪ್ರಶ್ನೆಗೆ ಹಲಗೆ ನೇರ ಉತ್ತರ ಕೊಡುತ್ತದೆ: "ನಿಂತ ಚೌಕ ಬೇಡ, ಓರೆಯಾಗಿರುವ ಚೌಕ ಮಾಡಿ." ಚಿಕ್ಕದು ಬೇಗ ಸಿಗುತ್ತದೆ, ಒಂದು ಮೊಳೆಯನ್ನು ನಡುವೆ ಇಟ್ಟು ಸುತ್ತಲಿನ ನಾಲ್ಕಕ್ಕೆ ಬ್ಯಾಂಡು ಹಾಕಿದರಾಯಿತು. ಎರಡು ಬಲಕ್ಕೆ, ಒಂದು ಮೇಲಕ್ಕೆ ಹೋಗುವ ಬಾಹುವಿನ ಚೌಕ ಕಷ್ಟದ್ದು. ಮುಂದಿನ ಬಾಹು ಒಂದು ಎಡಕ್ಕೆ, ಎರಡು ಮೇಲಕ್ಕೆ ಹೋಗಬೇಕು. ಮಕ್ಕಳು ಇಲ್ಲಿ ವಾಲಿದ ಸಮಾಂತರ ಚತುರ್ಭುಜ ಮಾಡಿ ಚೌಕ ಎನ್ನುತ್ತಾರೆ. ಆಗ ಮೂಲೆ ಪರೀಕ್ಷಿಸಲು ಒಂದು ಸಾಧನ ಬೇಕು.

ಚುಕ್ಕಿಹಾಳೆ:
ಹಲಗೆ ಇಲ್ಲದವರು ಚುಕ್ಕಿ ಹಾಕಿದ ಹಾಳೆಯಲ್ಲೇ ಗೆರೆ ಎಳೆಸಿದರೆ ಸಾಕು ಅಂದುಕೊಳ್ಳುತ್ತಾರೆ. ಆರೇಳು ವರ್ಷದವರಿಗೆ ಎರಡೂ ಒಂದಲ್ಲ. ಬ್ಯಾಂಡು ತಾನೇ ನೇರ ಗೆರೆಯಾಗುತ್ತದೆ, ಪೆನ್ಸಿಲ್ ಗೆರೆ ಡೊಂಕಾಗುತ್ತದೆ, ಮಗುವಿನ ಗಮನವೆಲ್ಲ ಗೆರೆಯ ಮೇಲೆ ಹೋಗುತ್ತದೆ. ಹಲಗೆಯಲ್ಲಿ ಮಾಡಿ, ಆಮೇಲೆ ಚುಕ್ಕಿ ಹಾಳೆಗೆ ಇಳಿಸಲಿ. ಹಾಳೆಯ ಚುಕ್ಕಿಯೂ 3 ಸೆಂ.ಮೀ. ಅಂತರದಲ್ಲೇ ಇದ್ದರೆ ಮೊದಲ ವಾರ ಸುಲಭ, ಆಮೇಲೆ 1 ಸೆಂ.ಮೀ.ಗೆ ಇಳಿಸಿ.

ಅಂದಹಾಗೆ 25 ಮೊಳೆಯ ಹಲಗೆಯಲ್ಲಿ ಎಂಟು ಬೇರೆ ಅಳತೆಯ ಚೌಕಗಳಿವೆ, ನಾಲ್ಕು ನಿಂತವು, ನಾಲ್ಕು ಓರೆ. ಜಾಗ ಬದಲಿಸಿ ಎಲ್ಲವನ್ನೂ ಎಣಿಸಿದರೆ 50. ಬೇಗ ಮುಗಿಸಿ ಕೂರುವ ಮಕ್ಕಳಿಗೆ ಇದೊಂದು ಪ್ರಶ್ನೆ ವಾರಕ್ಕಾಗುತ್ತದೆ.

ಮಡಿಕೆಮೂಲೆ:
ಮೊಳೆಹಲಗೆಯವರು ಕೇಳಿದ ಮೂಲೆ ಪರೀಕ್ಷಕ ಇಲ್ಲಿದೆ. ಕಾಗದವನ್ನು ಅಂಕುಡೊಂಕಾಗಿ ಹರಿದುಕೊಳ್ಳಿ, ಒಂದು ಅಂಚೂ ನೇರ ಇರಬಾರದು. ಎಲ್ಲಾದರೂ ಒಮ್ಮೆ ಮಡಚಿ ಉಗುರಿನಿಂದ ತೀಡಿ. ಈಗ ಆ ಮಡಿಕೆ ತನ್ನ ಮೇಲೇ ಕೂರುವಂತೆ ಮತ್ತೊಮ್ಮೆ ಮಡಚಿ. ಸಿಕ್ಕ ಮೂಲೆ ಲಂಬಕೋನ. ಯಾರ ಕಾಗದ ಎಷ್ಟೇ ದೊಡ್ಡದಿರಲಿ, ಹೇಗೇ ಹರಿದಿರಲಿ, ಎಲ್ಲರ ಮೂಲೆಗಳೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ.

ಅಂಗಡಿಯ ಆಯತದ ಹಾಳೆಯಲ್ಲಿ ಇದನ್ನು ಮಾಡಿಸಬೇಡಿ. ಅದರಲ್ಲಿ ಲಂಬಕೋನ ಮೊದಲೇ ಇದೆ, ಮಡಚಿ ಪಡೆದದ್ದಕ್ಕೆ ಬೆಲೆ ಬರುವುದಿಲ್ಲ. ಸಾಮಾನ್ಯ ತಪ್ಪೆಂದರೆ ಎರಡನೇ ಮಡಿಕೆಯಲ್ಲಿ ಹರಿದ ಅಂಚುಗಳನ್ನು ಜೋಡಿಸಲು ಹೋಗುವುದು. ಅಂಚಿಗೆ ಅಂಚಲ್ಲ, ಮಡಿಕೆಗೆ ಮಡಿಕೆ. ಮೊದಲ ಮಡಿಕೆಯ ಮೇಲೆ ಬಣ್ಣದ ಪೆನ್ನಿನಿಂದ ಗೆರೆ ಎಳೆದರೆ ಯಾವುದನ್ನು ಯಾವುದರ ಮೇಲೆ ಕೂರಿಸಬೇಕೆಂದು ಕಾಣುತ್ತದೆ.

ಸಮಮಿತಿಗೂ ಮಡಿಕೆಯೇ ದಾರಿ. ಆದರೆ ಚಿಟ್ಟೆ, ಎಲೆ ಮಡಚುವುದರಲ್ಲಿ ಹೊಸತೇನಿಲ್ಲ, ಎಲ್ಲರಿಗೂ ಉತ್ತರ ಗೊತ್ತು. ಆಯತ ಕೊಟ್ಟು "ಕರ್ಣದ ಮೇಲೆ ಮಡಚಿದರೆ ಕೂಡುತ್ತದೆಯೇ?" ಎಂದು ಮೊದಲು ಕೈ ಎತ್ತಿಸಿ, ಆಮೇಲೆ ಮಡಚಿಸಿ. ಬಹುಪಾಲು ಮಕ್ಕಳು ಕೂಡುತ್ತದೆ ಅನ್ನುತ್ತಾರೆ. ಮಡಚಿದರೆ ಎರಡು ಕಿವಿ ಹೊರಗೆ ಚಾಚಿಕೊಳ್ಳುತ್ತವೆ. "ಕರ್ಣದಲ್ಲಿ ಕತ್ತರಿಸಿದರೆ ಎರಡು ತುಂಡೂ ಒಂದೇ ಥರ ಇವೆಯಲ್ಲ!" ಎಂದು ಮಕ್ಕಳು ಹಟ ಹಿಡಿಯುತ್ತಾರೆ, ಅದೂ ನಿಜ. ಕತ್ತರಿಸಿ ಕೊಡಿ. ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದರ ಮೇಲೆ ಕೂರುತ್ತದೆ, ಮಡಚಿದರೆ ಕೂರುವುದಿಲ್ಲ. ತಿರುಗಿಸುವುದು ಬೇರೆ, ಮಗುಚುವುದು ಬೇರೆ ಎಂಬುದು ಇಲ್ಲಿ ಕೈಗೆ ಹತ್ತುತ್ತದೆ.

ಓರೆಗೆರೆ:
ಹಗ್ಗ, ಸ್ಟ್ರಾ, ಮಡಿಕೆ ಸರಿ. ಕೋನಕ್ಕೆ ಏನು ಮಾಡುವುದು? ಗೆರೆ ಉದ್ದವಿದ್ದರೆ ಕೋನ ದೊಡ್ಡದು ಎಂದೇ ಮಕ್ಕಳು ತಿಳಿಯುತ್ತಾರೆ.

ಕಡ್ಡಿಗಂಟು:
ನಮ್ಮ ಪದವೂ ಇದರಲ್ಲಿ ಸ್ವಲ್ಪ ತಪ್ಪಿತಸ್ಥ. ತ್ರಿಕೋನ ಅಂದಾಗ ಮೂರು ಮೂಲೆ ಎಣಿಸುತ್ತೇವೆ, ತ್ರಿಭುಜ ಅಂದಾಗ ಮೂರು ತೋಳು. ಭುಜ ಎಲ್ಲಿದೆ ಎಂದರೆ ಪುಟ್ಟ ಮಕ್ಕಳು ತಮ್ಮ ಹೆಗಲು ಮುಟ್ಟಿಕೊಳ್ಳುತ್ತಾರೆ! ಇರಲಿ. ಮೂಲೆ ಒಂದು ಚುಕ್ಕಿ, ಕೋನ ಅಲ್ಲಿನ ತೆರವು ಎಂಬುದನ್ನು ಬಿಡಿಸಿ ತೋರಿಸಬೇಕು.

ರಟ್ಟಿನ ಪಟ್ಟಿ ಎರಡು ಜೊತೆ: ಒಂದು ಜೊತೆ 6 ಸೆಂ.ಮೀ., ಇನ್ನೊಂದು 15 ಸೆಂ.ಮೀ. ತುದಿಗೆ ತೂತು ಮಾಡಿ ಕಾಗದ ಜೋಡಿಸುವ ಹಿತ್ತಾಳೆ ಪಿನ್ನು ಹಾಕಿ, ಕತ್ತರಿಯಂತೆ ತೆರೆಯಬೇಕು. ಎರಡನ್ನೂ ಒಂದೇ ಅಳತೆಗೆ ತೆರೆದು ಚಿಕ್ಕದನ್ನು ದೊಡ್ಡದರ ಮೇಲೆ ಇಡಿ, ತೋಳಿಗೆ ತೋಳು ಕೂರುತ್ತದೆ. ಆಮೇಲೆ ಚಿಕ್ಕ ಜೊತೆಯನ್ನು ಅಗಲಕ್ಕೆ, ದೊಡ್ಡದನ್ನು ಕಿರಿದಾಗಿ ತೆರೆದು ಯಾವುದು ದೊಡ್ಡ ಕೋನ ಎಂದು ಕೇಳಿ. ಮೊದಲ ದಿನವೇ ಕೋನಮಾಪಕ ತರಬೇಡಿ, ಎರಡು ಸಾಲು ಅಂಕಿ ನೋಡಿ ಮಕ್ಕಳು 60 ಮತ್ತು 120ರ ನಡುವೆ ಕಂಗೆಡುತ್ತಾರೆ.

ಅದೇ ಪಟ್ಟಿಗಳಿಂದ ತ್ರಿಭುಜ ಮಾಡಿಸುವವರಿಗೆ ಒಂದು ಎಚ್ಚರಿಕೆ. 5, 6, 10 ಸೆಂ.ಮೀ. ಪಟ್ಟಿ ಕೊಟ್ಟು "5ಕ್ಕೆ 6 ಕೂಡಿಸಿದರೆ 11, ಹತ್ತಕ್ಕಿಂತ ಹೆಚ್ಚು, ಹಾಗಾಗಿ ಮುಚ್ಚುತ್ತದೆ" ಎಂದು ಹೇಳಿಟ್ಟಿರುತ್ತೀರಿ, ಮುಚ್ಚುವುದಿಲ್ಲ. ಯಾಕೆಂದರೆ ತೂತು ತುದಿಯಿಂದ 1 ಸೆಂ.ಮೀ. ಒಳಗಿದ್ದರೆ ನಿಜವಾದ ಬಾಹು 3, 4, 8. ಅಳತೆ ಪಟ್ಟಿಯದ್ದಲ್ಲ, ತೂತಿನಿಂದ ತೂತಿಗೆ. 3, 4, 7 ಥರದ ಸರಿಸಮ ಅಳತೆಯನ್ನೂ ಮೊದಲಿಗೆ ಕೊಡಬೇಡಿ. ಪಿನ್ನಿನ ಸಡಿಲದಲ್ಲಿ ಅದು ಅಷ್ಟಿಷ್ಟು ಉಬ್ಬಿ ತ್ರಿಭುಜದಂತೆ ನಿಲ್ಲುತ್ತದೆ, ಮಕ್ಕಳು ಆಯಿತು ಅನ್ನುತ್ತಾರೆ.

ಮೂರು ಮೂಲೆ ಹರಿದು ಜೋಡಿಸಿ 180° ತೋರಿಸುವುದು ಒಂಬತ್ತು ದಾಟಿದವರಿಗೆ. ಹರಿಯುವ ಮೊದಲು ಪ್ರತಿ ಮೂಲೆಗೆ ಒಳಗಡೆ ಬಣ್ಣದ ಕಮಾನು ಹಾಕಿಸಿ. ಕತ್ತರಿಯಲ್ಲಿ ಕತ್ತರಿಸಿದರೆ ತುಂಡಿಗೂ ಮೂರು ಚೂಪು ಮೂಲೆ ಬರುತ್ತವೆ, ಯಾವುದು ಮೂಲದ್ದು ಎಂದು ತಿಳಿಯದೆ ಎಡವಟ್ಟಾಗುತ್ತದೆ. ಕೈಯಲ್ಲಿ ಹರಿದರೆ ಹೊಸ ಅಂಚು ಒರಟಾಗಿ ಉಳಿದು ತಾನೇ ಗುರುತು ಕೊಡುತ್ತದೆ.

ಆರುಮುಖ:
ಡಬ್ಬಿ ಬಿಚ್ಚುವ ಕೆಲಸವನ್ನು ಯಾರೂ ಹೇಳಲಿಲ್ಲ. ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿಸಿದರೆ ಅಂಟಿಸುವ ಮಡಿಕೆಗಳೂ ಎಣಿಕೆಗೆ ಸೇರಿ, ಮುಖ 11 ಅಂತಲೋ 14 ಅಂತಲೋ ಉತ್ತರ ಬರುತ್ತದೆ. ಮೊದಲೇ ಆ ಮಡಿಕೆಗಳನ್ನು ಕತ್ತರಿಸಿ, ಬರಿಯ ಅಂಚುಗಳಿಗೆ ಟೇಪ್ ಹಾಕಿ ಇಟ್ಟುಕೊಳ್ಳಿ. ಇನ್ನೂ ಒಳ್ಳೆಯದೆಂದರೆ 6 ಸೆಂ.ಮೀ. ಚೌಕದ ಆರು ರಟ್ಟಿನ ತುಂಡು ಕೊಟ್ಟು ಟೇಪಿನಿಂದ ಘನ ಕಟ್ಟಿಸಿ, ಆಮೇಲೆ ಒಂದೇ ಹಾಳೆಯಾಗಿ ಚಪ್ಪಟೆಯಾಗುವ ತನಕ ಅಂಚು ಕತ್ತರಿಸಲು ಹೇಳಿ. ಯಾರು ಎಲ್ಲಿಂದ ಶುರು ಮಾಡಿದರೂ ಏಳೇ ಅಂಚು ಕತ್ತರಿಸಿರುತ್ತಾರೆ. ಘನದ 12ರಲ್ಲಿ ಐದು ಉಳಿದರೆ ಮಾತ್ರ ಆರು ಚೌಕ ಬಿಡದೆ ಒಂದಕ್ಕೊಂದು ಹಿಡಿದಿರುತ್ತವೆ. ಎಂಟನೆಯದನ್ನು ಕತ್ತರಿಸಿದರೆ ಒಂದು ತುಂಡು ಕೆಳಗೆ ಬೀಳುತ್ತದೆ.

ಹೀಗೆ ಬರುವ ಜಾಲಗಳು ಒಟ್ಟು 11 ಬಗೆ, ತಿರುಗಿಸಿದ್ದು ಮಗುಚಿದ್ದು ಲೆಕ್ಕಕ್ಕಿಲ್ಲ. ಮಕ್ಕಳು ಎಲ್ಲರೂ ಶಿಲುಬೆಯಾಕಾರದ್ದೊಂದನ್ನೇ ಬಲ್ಲರು, ಪುಸ್ತಕಗಳಲ್ಲಿ ಅದೊಂದೇ ಇರುವುದರಿಂದ. ಎರಡಕ್ಕೆರಡು ಚೌಕದ ಗುಂಪು ಇರುವ ಜಾಲ ಎಂದೂ ಮುಚ್ಚುವುದಿಲ್ಲ, ಘನದ ಮೂಲೆಯಲ್ಲಿ ಸೇರುವುದು ಮೂರೇ ಮುಖ, ನಾಲ್ಕಲ್ಲ. ಒಂದೇ ಸಾಲಿನಲ್ಲಿ ಐದು ಇದ್ದರೆ ಐದನೆಯದು ಮೊದಲನೆಯದರ ಮೇಲೆ ಹೋಗಿ ಕೂರುತ್ತದೆ.

ಕೊನೆಗೊಂದು ಕಿರುತಮಾಷೆ: ರಟ್ಟಿನ ಕೊಳವೆಯನ್ನು ನೇರ ಕತ್ತರಿಸಿ ಬಿಚ್ಚಿದರೆ ಆಯತ. ಅದರ ಮೇಲೆ ಸುತ್ತಿಕೊಂಡು ಹೋಗುವ ಓರೆ ಜೋಡಣೆಯ ಗೆರೆಯ ಮೇಲೆಯೇ ಬಿಚ್ಚಿದರೆ ಸಮಾಂತರ ಚತುರ್ಭುಜ.

ಚುಕ್ಕಿಹಾಳೆ:
ಟ್ಯಾಂಗ್ರಾಮ್ ಬಗ್ಗೆ, ಅಂದರೆ ಒಂದು ಚೌಕವನ್ನು ಏಳು ತುಂಡಾಗಿ ಕತ್ತರಿಸಿ ಆಕೃತಿ ಜೋಡಿಸುವ ಆಟದ ಬಗ್ಗೆ, ಎರಡು ಮಾತು. ಒಳಗೆರೆ ಹಾಕಿದ ಚಿತ್ರ ಕೊಟ್ಟು ತುಂಬಿಸಿದರೆ ಅದು ಬರಿಯ ಜೋಡಿಸುವ ಆಟ, ರೇಖಾಗಣಿತ ಅಲ್ಲ. ಏಳೂ ತುಂಡನ್ನು ಒಮ್ಮೆಗೇ ಕೊಡುವುದೂ ಬೇಡ. ಮೊದಲು ಎರಡು ಚಿಕ್ಕ ತ್ರಿಭುಜ ಮಾತ್ರ. ಅವುಗಳಿಂದ ಚೌಕ, ಮಧ್ಯಮ ತ್ರಿಭುಜ, ಸಮಾಂತರ ಚತುರ್ಭುಜ, ಮೂರೂ ಆಗುತ್ತವೆ. ಅಂದರೆ ಆ ಮೂರು ತುಂಡುಗಳು ನೋಟಕ್ಕೆ ಬೇರೆಯಾದರೂ ಹಿಡಿಯುವ ಜಾಗ ಒಂದೇ, ಇಡೀ ಚೌಕದ ಎಂಟನೇ ಒಂದು ಭಾಗ. ಚಿಕ್ಕ ತ್ರಿಭುಜ ಹದಿನಾರನೇ ಒಂದು, ದೊಡ್ಡದು ಕಾಲು.

ಒಂದೇ ಬದಿಗೆ ಬಣ್ಣವಿರುವ ರಟ್ಟಿನಲ್ಲಿ ಮಾಡಿದರೆ ಮಕ್ಕಳು ಬಣ್ಣದ ಬದಿಯೇ ಮೇಲಿರಬೇಕು ಅಂದುಕೊಂಡು ಸಮಾಂತರ ಚತುರ್ಭುಜದಲ್ಲಿ ಸಿಕ್ಕಿಬೀಳುತ್ತಾರೆ. ಉಳಿದ ಆರು ತುಂಡನ್ನು ಮಗುಚುವ ಅಗತ್ಯವೇ ಬರುವುದಿಲ್ಲ, ಅವಕ್ಕೆ ಸಮಮಿತಿಯ ಗೆರೆ ಇದೆ. ಇದೊಂದಕ್ಕಿಲ್ಲ. ಎರಡು ಬದಿಗೂ ಬೇರೆ ಬೇರೆ ಬಣ್ಣ ಇದ್ದರೆ ಯಾರು ಮಗುಚಿದರು, ಯಾರು ತಿರುಗಿಸಿದರು ಎಂದು ದೂರದಿಂದಲೇ ಕಾಣುತ್ತದೆ. 16 ಸೆಂ.ಮೀ. ಚೌಕದಿಂದ ಕತ್ತರಿಸಿದರೆ ಚಿಕ್ಕ ತ್ರಿಭುಜದ ಉದ್ದ ಬಾಹು 8 ಸೆಂ.ಮೀ., ಪುಟ್ಟ ಕೈಗೆ ಸರಿಯಾದ ಅಳತೆ.

ಮೊಳೆಹಲಗೆ:
25 ಮಕ್ಕಳಿದ್ದರೆ ಇಬ್ಬರಿಗೊಂದು ಕಟ್ಟು, ಮೊದಲೇ ಎಣಿಸಿ ಚೀಲದಲ್ಲಿ ಹಾಕಿಟ್ಟಿರಬೇಕು. ಸ್ಟ್ರಾ ಕತ್ತರಿಸುವುದು ಅವಧಿಯೊಳಗೆ ಬೇಡ, 15 ನಿಮಿಷ ತಿನ್ನುತ್ತದೆ. ಮೊದಲ ಐದು ನಿಮಿಷ ಸಾಮಗ್ರಿಯೊಂದಿಗೆ ಸುಮ್ಮನೆ ಆಡಲು ಬಿಡಿ. ಬಿಡದಿದ್ದರೆ ಆ ಆಟವನ್ನು ನೀವು ಮಾತಾಡುವಾಗ ಆಡುತ್ತಾರೆ.

ಓರೆಗೆರೆ:
ಕಡೆಯ ಪ್ರಶ್ನೆ. ಚೌಕವೂ ಒಂದು ಆಯತ ಎಂಬುದನ್ನು ಈ ವಯಸ್ಸಿಗೆ ಹೇಳಬೇಕೆ? ಹೇಳಿದರೆ "ಚೌಕ ಅಂದ್ರೆ ಚೌಕ, ಆಯತ ಅಂದ್ರೆ ಉದ್ದ" ಎನ್ನುತ್ತಾರೆ.

ಮಡಿಕೆಮೂಲೆ:
ಹೇಳಬೇಡಿ, ಜಾರಿಸಿ ತೋರಿಸಿ. 10 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಬಣ್ಣದ ಪಟ್ಟಿ ಮೇಜಿನ ಮೇಲಿರಲಿ. ಅದಕ್ಕಿಂತ ಅಗಲವಾದ ಬಿಳಿ ರಟ್ಟನ್ನು ಒಂದು ತುದಿಯಿಂದ ಅದರ ಮೇಲೆ ನಿಧಾನವಾಗಿ ಸರಿಸುತ್ತ ಹೋಗಿ. ಕಾಣುವ ಬಣ್ಣದ ಭಾಗ 25, 20, 15 ಎಂದು ಕಿರಿದಾಗುತ್ತದೆ. ಎಲ್ಲರೂ "ಆಯತ, ಆಯತ" ಅನ್ನುತ್ತಿರುತ್ತಾರೆ. 10ಕ್ಕೆ ಬಂದಾಗ ಯಾರೋ "ಚೌಕ!" ಎಂದು ಕೂಗುತ್ತಾರೆ. ನಿಲ್ಲಿಸಬೇಡಿ, 9ಕ್ಕೆ, 6ಕ್ಕೆ ಸರಿಸಿ. ಮತ್ತೆ ಆಯತ, ಈಗ ಇನ್ನೊಂದು ದಿಕ್ಕಿಗೆ ಉದ್ದ. ಹಿಂದಕ್ಕೆ ಎಳೆಯಿರಿ, ಮತ್ತೆ 10ನ್ನು ದಾಟಿ. ನಡುವಿನ ಆ ಒಂದು ಕ್ಷಣದಲ್ಲಿ ಮೂಲೆಗಳಿಗೇನಾಯಿತು ಎಂದು ಮಾತ್ರ ಕೇಳಿ, ಮೂಲೆ ಪರೀಕ್ಷಕ ಕೈಗೆ ಕೊಡಿ.

ಬಿಳಿ ರಟ್ಟಿನ ಅಂಚು ಪಟ್ಟಿಗೆ ಓರೆಯಾದರೆ ಎಲ್ಲ ಕೆಡುತ್ತದೆ, ಕಾಣುವುದು ಆಯತವೇ ಆಗಿರುವುದಿಲ್ಲ. ಪಟ್ಟಿಯ ಕೆಳಗಡೆ ಅಳತೆಪಟ್ಟಿಯನ್ನು ಟೇಪಿನಿಂದ ಅಂಟಿಸಿ, ರಟ್ಟಿನ ತಳ ಅದಕ್ಕೆ ತಾಗಿಕೊಂಡೇ ಜಾರಲಿ.